ಬಡತನದ ಅಳತೆಗೋಲು

ಉಡುಪಿಯ ಸೀಮೆಯು ಸಿರಿಯ ನೆಲವೆಂಬುದು ಲೋಕವಿದಿತ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕೂ ಜನ್ಮ ತಾಳಿದುದು ಇಲ್ಲಿಯೇ. 1928ರ ಪಿಗ್ಮಿ ಠೇವಣಿಯು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿನಲ್ಲಿ ಸಂಗ್ರಹಿಸಿತು. ಅಷ್ಟನ್ನೂ ಉಳಿಸಲಾರದವರು ಆ ಲೆಕ್ಕಕ್ಕೆ ಸಿಕ್ಕಲಿಲ್ಲ.

ದೇಶದ ಅಳತೆಗೋಲಾದರೋ ಕಾಲಕಾಲಕ್ಕೆ ಮಾರ್ಪಟ್ಟಿತು. 1962ರಲ್ಲಿ ತಲೆಗೆ ತಿಂಗಳಿಗೆ 20 ರೂಪಾಯಿ. 1979ರಲ್ಲಿ ಹಳ್ಳಿಗನಿಗೆ ದಿನಕ್ಕೆ 2400 ಕ್ಯಾಲೊರಿ. 2009ರಲ್ಲಿ ತೆಂಡುಲ್ಕರ್ ಸಮಿತಿಯು ವಿದ್ಯೆ, ಆರೋಗ್ಯಗಳ ವೆಚ್ಚವನ್ನೂ ಗಣಿಸಲು, 2004-05ರ ಬಡವರು ನೂರಕ್ಕೆ 27.5ರಿಂದ 37.2ಕ್ಕೇರಿದರು, ಯಾರ ಗಂಜಿಯೂ ಇದರಿಂದ ಹೆಚ್ಚಲಿಲ್ಲ, ಕುಗ್ಗಲಿಲ್ಲ.

ಕಾಪು, ಕಾರ್ಕಳಗಳ ಕೊರಗರು ಬುಟ್ಟಿ ಹೆಣೆದು ಬಾಳಿದವರು. ಅವರನ್ನು ಹೀನಾಯಕ್ಕೀಡುಮಾಡಿದ ಅಜಲು ಪದ್ಧತಿಯನ್ನು ಶಾಸನವು ನಿಷೇಧಿಸಿದುದು 2000ದಲ್ಲಿ. ಸಿರಿನಾಡಿನ ಸರಾಸರಿಯಲ್ಲಿ ಇಂತಹ ಕೆಲವರ ದಾರಿದ್ರ್ಯವು ಮರೆಯಾಗುವುದು. ಆದುದರಿಂದ ಬಡತನವನ್ನು ಅಳೆಯುವವರು ಮೊದಲು ಕಟ್ಟಕಡೆಯ ಗುಡಿಸಲನ್ನು ಎಣಿಸುವುದು ಯುಕ್ತ.