ಸಮಿಜ್ದಾತ್: ಓದಿದವರೇ ಪ್ರಕಾಶಕರು

1940ರ ದಶಕದಲ್ಲಿ ಮಾಸ್ಕೋದ ಕವಿ ನಿಕೊಲಾಯ್ ಗ್ಲಾಜ್ಕೊವ್ ತನ್ನ ಕವಿತೆಗಳನ್ನು ತಾನೇ ಟೈಪ್ ಮಾಡಿ ಪುಸ್ತಕದಂತೆ ಕಟ್ಟಿ, ಪ್ರಕಾಶಕರ ಹೆಸರು ಬರುವ ಜಾಗದಲ್ಲಿ ‘ಸಮ್‌ಸೆಬ್ಯಾಇಜ್ದಾತ್’ ಎಂದು ಹಾಕಿದ. ನನ್ನನ್ನು ನಾನೇ ಪ್ರಕಟಿಸಿಕೊಂಡೆ ಅಂತ ಅದರ ಅರ್ಥ. ಸೋವಿಯತ್ ಸರ್ಕಾರದ ಹಲವು ಪ್ರಕಾಶನಗಳ ಹೆಸರುಗಳು ಆಗ ‘ಇಜ್ದಾತ್’ ಎಂದು ಮುಗಿಯುತ್ತಿದ್ದವು. ಸಾಹಿತ್ಯಕ್ಕೆ ಗೊಸ್ಲಿತಿಜ್ದಾತ್, ಸೈನ್ಯಕ್ಕೆ ವೊಯೆನಿಜ್ದಾತ್. ಯಾವ ಹಸ್ತಪ್ರತಿಯೇ ಆಗಲಿ, ಗ್ಲಾವ್ಲಿತ್ ಎಂಬ ಸೆನ್ಸಾರ್ ಕಚೇರಿಯ ಮುದ್ರೆ ಬೀಳದೆ ಅಚ್ಚಿಗೆ ಹೋಗುವಂತಿರಲಿಲ್ಲ. ಆ ಸರ್ಕಾರಿ ‘ಇಜ್ದಾತ್’ಗಳ ಸಾಲಿನಲ್ಲಿ ಗ್ಲಾಜ್ಕೊವ್ ತನ್ನದೂ ಒಂದು ಪ್ರಕಾಶನವನ್ನು ತಂದು ನಿಲ್ಲಿಸಿದ. ಬಾಯಿಂದ ಬಾಯಿಗೆ ಸವೆದು ಆ ಮಾತು ‘ಸಮಿಜ್ದಾತ್’ ಆಯಿತು. ಕವಿಯೊಬ್ಬನ ಪುಸ್ತಕದ ಗುರುತಾಗಿದ್ದದ್ದು ಒಂದು ದೇಶದ ಗುಟ್ಟಿನ ಸಾಹಿತ್ಯಕ್ಕೆಲ್ಲ ಹೆಸರಾಯಿತು.

ಪದದಲ್ಲಿ ‘ತಾನೇ’ ಎಂಬುದಿದೆ ನಿಜ. ಆದರೆ ಕೆಲಸ ನಡೆಯುತ್ತಿದ್ದ ಬಗೆ ನೋಡಿದರೆ ಆ ‘ತಾನು’ ಬರೆದವನಲ್ಲ, ಓದಿದವನು. ಟೈಪ್‌ರೈಟರಿಗೆ ತೆಳು ಹಾಳೆಗಳನ್ನು ಏರಿಸಿ, ನಡುನಡುವೆ ಕಾರ್ಬನ್ ಇಟ್ಟು ಬಲವಾಗಿ ಕುಟ್ಟಬೇಕು. ಪೂರ್ವ ಜರ್ಮನಿಯ ಎರಿಕಾ ಯಂತ್ರದಲ್ಲಿ ಒಮ್ಮೆಗೆ ನಾಲ್ಕು ಪ್ರತಿ ತೆಗೆಯಬಹುದೆಂದು ಅಲೆಕ್ಸಾಂದರ್ ಗಾಲಿಚ್ ಹಾಡನ್ನೇ ಕಟ್ಟಿದ್ದ. ಹಾಳೆ ಇನ್ನೂ ತೆಳುವಾಗಿದ್ದರೆ ಒಂದೆರಡು ಹೆಚ್ಚು ಸಿಗುತ್ತಿತ್ತು, ಆದರೆ ತಳದ ಪ್ರತಿಯನ್ನು ಕಣ್ಣು ಕಿರಿದು ಮಾಡಿಯೇ ಓದಬೇಕು. ಒಂದು ರಾತ್ರಿಗೆ ಅಂತ ಸಾಲ ಸಿಕ್ಕಿದ ಪುಸ್ತಕವನ್ನು ಗೆಳೆಯರು ಸುತ್ತ ಕೂತು, ಒಬ್ಬರು ಓದಿ ಮುಗಿಸಿದ ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತ ಬೆಳಗಿನೊಳಗೆ ಮುಗಿಸುತ್ತಿದ್ದರು. ಹಿಡಿಸಿದರೆ ಅವರಲ್ಲೊಬ್ಬರು ಮತ್ತೆ ಕಾರ್ಬನ್ ಏರಿಸುವರು. ಎಷ್ಟು ಪ್ರತಿ ಹೊರಡಬೇಕೆಂದು ಲೇಖಕ ಹೇಳುವಂತಿರಲಿಲ್ಲ. ಅದನ್ನು ತೀರ್ಮಾನಿಸುತ್ತಿದ್ದವರು ಓದುಗರು.

ಇದರ ಅತ್ಯಂತ ಶಿಸ್ತಿನ ರೂಪ ‘ಪ್ರಚಲಿತ ಘಟನೆಗಳ ವೃತ್ತಾಂತ’ ಎಂಬ ಪತ್ರಿಕೆ. 1968ರ ಏಪ್ರಿಲ್‌ನಲ್ಲಿ ಕವಯಿತ್ರಿ ನತಾಲ್ಯಾ ಗೊರ್ಬನೆವ್‌ಸ್ಕಾಯಾ ಇದರ ಮೊದಲ ಸಂಚಿಕೆ ಟೈಪ್ ಮಾಡಿದರು. ಯಾರನ್ನು ಬಂಧಿಸಿದರು, ಯಾವ ಮೊಕದ್ದಮೆ, ಯಾವ ಶಿಬಿರ ಎಂಬ ಬರೀ ಸುದ್ದಿ, ಆವೇಶದ ಮಾತಿಲ್ಲ. ಹಿಂದಿನ ಸಂಚಿಕೆಯಲ್ಲಿ ತಪ್ಪು ನುಸುಳಿದ್ದರೆ ಮುಂದಿನದರಲ್ಲಿ ತಿದ್ದುಪಡಿ. ಪತ್ರಿಕೆಗೆ ಕಚೇರಿ ಇಲ್ಲ, ವಿಳಾಸ ಇಲ್ಲ, ಹಾಗಾದರೆ ಸುದ್ದಿ ಕಳಿಸುವುದೆಲ್ಲಿಗೆ? ಅದರ 5ನೇ ಸಂಚಿಕೆ ಓದುಗರಿಗೆ ದಾರಿ ಹೇಳಿಕೊಟ್ಟಿತು: ನಿಮಗೆ ಪತ್ರಿಕೆ ಕೊಟ್ಟವರ ಕೈಗೆ ಸುದ್ದಿ ಕೊಡಿ, ಅವರು ತಮಗೆ ಕೊಟ್ಟವರ ಕೈಗೆ ದಾಟಿಸುತ್ತಾರೆ. ಮೂಲ ಹುಡುಕಿಕೊಂಡು ಮಾತ್ರ ಹೋಗಬೇಡಿ, ನಿಮ್ಮನ್ನೇ ಪೊಲೀಸರ ಕಡೆಯವರೆಂದು ತಿಳಿದಾರು. ಪತ್ರಿಕೆ ಇಳಿದು ಬಂದ ಕೈಗಳನ್ನೇ ಹಿಡಿದು ಸುದ್ದಿ ಮೇಲಕ್ಕೇರುವ ಈ ಏರ್ಪಾಡನ್ನು ಯೋಚಿಸಿದವರಿಗೆ ಎಷ್ಟು ಸಲ ಕೈಮುಗಿದರೂ ಸಾಲದು. ಗೊರ್ಬನೆವ್‌ಸ್ಕಾಯಾ 1969ರ ಕೊನೆಯಲ್ಲಿ ಬಂಧನಕ್ಕೊಳಗಾಗಿ ಮಾನಸಿಕ ಆಸ್ಪತ್ರೆ ಸೇರಬೇಕಾಯಿತು. ಪತ್ರಿಕೆಯನ್ನು ಬೇರೆಯವರು ಕೈಗೆತ್ತಿಕೊಂಡು 1983ರ ವರೆಗೆ ನಡೆಸಿದರು.

ಪದಕ್ಕೆ ಒಡಹುಟ್ಟಿದವರೂ ಬಂದರು. ಹೊರದೇಶದಲ್ಲಿ ಅಚ್ಚಾಗಿ ಕದ್ದು ಒಳಬಂದದ್ದು ‘ತಮಿಜ್ದಾತ್’, ಅಂದರೆ ‘ಅಲ್ಲಿ ಪ್ರಕಟವಾದದ್ದು’. 1957ರಲ್ಲಿ ಮಿಲಾನ್‌ನಲ್ಲಿ ಹೊರಬಂದ ಪಾಸ್ತರ್ನಾಕ್‌ನ ‘ಡಾಕ್ಟರ್ ಜಿವಾಗೊ’ ಅಂಥದ್ದು. ಟೇಪಿನಲ್ಲಿ ಹರಡಿದ ಗಾಲಿಚನ ಹಾಡುಗಳು ‘ಮಗ್ನಿತಿಜ್ದಾತ್’.

ಈಗ ಕೈಯಿಂದ ದುಡ್ಡು ಹಾಕಿ ತಂದ ಪುಸ್ತಕಕ್ಕೂ ಸಮಿಜ್ದಾತ್ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಅದು ದೊಡ್ಡ ಕಷ್ಟ, ಅದಕ್ಕೆ ಅದರದೇ ಗೌರವ ಸಲ್ಲಬೇಕು. ಆದರೆ ಕೊಂಡು ಓದಿದವರ ಮನೆಗೆ ಪೊಲೀಸರು ನುಗ್ಗುತ್ತಿರಲಿಲ್ಲ. ಸೋವಿಯತ್ ನಾಡಿನಲ್ಲಿ 1966ರಲ್ಲಿ ಸೇರಿಸಿದ 190-1ನೇ ಕಲಮಿನಡಿ, ವ್ಯವಸ್ಥೆಗೆ ಕಳಂಕ ತರುವಂಥದೆಂದು ಠರಾಯಿಸಿದ ಬರಹವನ್ನು ಹರಡಿದವರಿಗೆ ಮೂರು ವರ್ಷದ ವರೆಗೆ ಸೆರೆವಾಸ. 70ನೇ ಕಲಮಾದರೆ ಏಳು. ಪ್ರತಿ ತೆಗೆದವರ ತಲೆಗೂ ಬರುತ್ತಿದ್ದ ಈ ಅಪಾಯವನ್ನು ಬಿಟ್ಟುಬಿಟ್ಟರೆ ಆ ಪದದಲ್ಲಿ ಉಳಿಯುವುದೇನು?

ಸೊಲ್ಜೆನಿತ್ಸಿನ್‌ಗಾಗಿ ‘ಗುಲಾಗ್ ದ್ವೀಪಸಮೂಹ’ವನ್ನು ಟೈಪ್ ಮಾಡಿಕೊಟ್ಟ ಎಲಿಜವೆತಾ ವೊರೊನ್ಯಾನ್‌ಸ್ಕಾಯಾ ಅವರನ್ನು 1973ರ ಆಗಸ್ಟ್‌ನಲ್ಲಿ ಕೆಜಿಬಿ ದಿನಗಟ್ಟಲೆ ವಿಚಾರಣೆ ಮಾಡಿತು. ಪ್ರತಿ ಇಟ್ಟ ಜಾಗವನ್ನು ಅವರು ಬಾಯಿಬಿಟ್ಟರು. ಕೆಲವೇ ದಿನಗಳಲ್ಲಿ ನೇಣಿಗೆ ಸಿಕ್ಕಿ ಸತ್ತಿದ್ದರು. ಆ ವರ್ಷದ ಕೊನೆಗೆ ಪ್ಯಾರಿಸ್‌ನಲ್ಲಿ ಪುಸ್ತಕ ಹೊರಬಿತ್ತು. ಟೈಪ್ ಮಾಡಿದ, ಬಚ್ಚಿಟ್ಟ, ದಾಟಿಸಿದ ಇಂಥವರ ಬಗ್ಗೆಯೇ ಸೊಲ್ಜೆನಿತ್ಸಿನ್ ದೇಶಭ್ರಷ್ಟನಾದ ಮೇಲೆ ಪುಟಗಟ್ಟಲೆ ಬರೆದ. ಹೆಸರು ಹೊರಬಿದ್ದರೆ ಬದುಕಿದ್ದವರಿಗೆ ಕುತ್ತು. ಹಾಗಾಗಿ ಆ ಬರಹ 1991ರ ವರೆಗೆ ಅಚ್ಚಿಗೆ ಕಾಯಬೇಕಾಯಿತು.