ಸದ್ದನ್ನು ಹಿಂದಿಕ್ಕದ ಮಾರುತ

ಮಂಗಳೂರಿನ ದಕ್ಕೆಯಲ್ಲಿ ನಿಂತು ನೋಡಿದವರಿಗೆ ಗೊತ್ತು. ದೋಣಿ ವೇಗವಾಗಿ ಸಾಗುವಾಗ ಅದೆಬ್ಬಿಸಿದ ಅಲೆಗಳು ಬಾಣದ ತುದಿಯಂತೆ ಇಬ್ಬದಿಗೆ ಚಾಚಿಕೊಂಡು, ದೋಣಿ ದಾಟಿಹೋದ ಮೇಲೆ ದಡಕ್ಕೆ ಬಡಿಯುತ್ತವೆ. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನವೂ ಗಾಳಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ತನ್ನ ಬರವನ್ನು ಮುಂದಿನ ಗಾಳಿಗೆ ತಿಳಿಸಬೇಕಾದ ಒತ್ತಡದ ಅಲೆಗಳನ್ನು ತಾನೇ ಹಿಂದಿಕ್ಕುತ್ತದೆ. ಅವೆಲ್ಲ ಒಂದರ ಮೇಲೊಂದು ಪೇರಿಕೊಂಡು, ಶಂಕುವಿನಾಕಾರದ ಆಘಾತ ತರಂಗವಾಗಿ ನೆಲ ಮುಟ್ಟಿದಾಗ ಸಿಡಿಲಿನಂಥ ಸದ್ದು. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಜನ ಭೂಕಂಪವೇ ಎಂದು ಗಾಬರಿಗೊಂಡದ್ದು ಈ ಸದ್ದಿಗೆ. ವಾಯುಪಡೆಯ ವಿಮಾನವೊಂದರ ಪರೀಕ್ಷಾ ಹಾರಾಟವದು.

ಶಬ್ದದ ವೇಗ ಎಲ್ಲೆಡೆ ಒಂದೇ ಅಲ್ಲ. ಮಂಗಳೂರಿನ 30 ಡಿಗ್ರಿ ಸೆಖೆಯಲ್ಲಿ ಗಂಟೆಗೆ ಸುಮಾರು 1,255 ಕಿ.ಮೀ. ಇದ್ದರೆ, 11 ಕಿ.ಮೀ. ಎತ್ತರದ ಕೊರೆವ ಚಳಿಯಲ್ಲಿ ಸುಮಾರು 1,060 ಮಾತ್ರ. ಆ ಗಡಿ ಹತ್ತಿರವಾದಂತೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ರೆಕ್ಕೆಗಳನ್ನು ಹಿಂದಕ್ಕೆ ಓರೆಯಾಗಿಸಿದರೆ ತುಸು ಪರಿಹಾರವುಂಟು. ಮಿಕ್ಕ ಭಾರವೆಲ್ಲ ಎಂಜಿನ್ನಿನದು.

ಬೆಂಗಳೂರಿನಲ್ಲೇ ತಯಾರಾದ ‘ಮಾರುತ’ ಯುದ್ಧವಿಮಾನ ಸೋತದ್ದು ಇಲ್ಲಿ. ಅದರ ವಿನ್ಯಾಸಕ್ಕೆಂದು ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಎಚ್‌ಎಎಲ್‌ಗೆ ಬಂದರು. ಶಬ್ದದ ಇಮ್ಮಡಿ ವೇಗ ಅವರ ಗುರಿ. ಮೊದಲು ಎಂಜಿನ್ನೇ ಇಲ್ಲದ ಮರದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ವಿಮಾನವನ್ನೇ ಮೇಲೇರಿಸಿದರು. ಒಡಲು ಸಿದ್ಧವಿತ್ತು, ತಕ್ಕ ಎಂಜಿನ್ ಮಾತ್ರ ಬರಲೇ ಇಲ್ಲ. ನೆಚ್ಚಿಕೊಂಡಿದ್ದ ಬಲಶಾಲಿ ಆರ್ಫಿಯಸ್ ಎಂಜಿನ್ನಿನ ಕೆಲಸವನ್ನು ಬ್ರಿಟನ್ ಕೈಬಿಟ್ಟಿತು. ಅದನ್ನು ಮುಂದುವರಿಸಲು ಹಣ ಕೊಡಲು ನಮ್ಮವರು ಒಪ್ಪಲಿಲ್ಲ. ಆನೆ ಕೊಂಡು ಅಂಕುಶಕ್ಕೆ ಜಿಪುಣತನ ಮಾಡಿದಂತಾಯಿತು! ಕೊನೆಗೆ ಕಡಿಮೆ ಬಲದ ಆರ್ಫಿಯಸ್ ಎಂಜಿನ್ನುಗಳೇ ಗತಿಯಾದವು. ಮೇಲಿನಿಂದ ಧುಮುಕುವಾಗ ಶಬ್ದವನ್ನು ಮೀರುತ್ತಿದ್ದ ಮಾರುತ, ನೇರ ಹಾರಾಟದಲ್ಲಿ ಅದರ ಹಿಂದೆಯೇ ಉಳಿಯಿತು.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಹಾಯಿಸಿ ಉರಿಸಿದರೆ ಹೆಚ್ಚಿನ ನೂಕುಬಲ ಸಿಗುತ್ತದೆ. ಎಚ್‌ಎಎಲ್ ಆ ದಾರಿಯನ್ನೂ ಹಿಡಿಯಿತು. ಅಂಥ ಮಾರುತವೊಂದನ್ನು ಹಾರಿಸುತ್ತಿದ್ದಾಗಲೇ 1970ರ ಜನವರಿ 10ರಂದು ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಮರುವರ್ಷದ ಯುದ್ಧದಲ್ಲಿ ಮಾರುತಗಳು ನೆಲಕ್ಕೆ ಹತ್ತಿರವಾಗಿ ಹಾರಿ ಶತ್ರುವಿನ ನೆಲೆಗಳ ಮೇಲೆ ಚೆನ್ನಾಗಿಯೇ ದಾಳಿ ಮಾಡಿದವು. ಬೆಂಗಳೂರಿನಲ್ಲೇ ರೂಪುಗೊಂಡ ತೇಜಸ್ ಶಬ್ದದ ಗಡಿ ದಾಟಿದ್ದು 2003ರ ಆಗಸ್ಟ್ 1ರಂದು. ಅದರೊಳಗಿದ್ದ ಎಂಜಿನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು.