ಸೀಸದ ಸಿಪಾಯಿಗಳಿಂದ ಪ್ಲಾಸ್ಟಿಕ್ ರಕ್ಕಸರವರೆಗೆ

ಪುಟ್ಟ ಗೊಂಬೆಗಳನ್ನಿಟ್ಟು ಆಡುವ ಫ್ಯಾಂಟಸಿ ಬೋರ್ಡ್ ಗೇಮ್‌ಗಳ ಬೇರು ಜರ್ಮನ್ ನಾಡುಗಳ ಯುದ್ಧದಾಟಗಳಲ್ಲಿದೆ. ಭಾರತದಿಂದ ಪರ್ಷಿಯಾ, ಅರಬ್ ನಾಡುಗಳ ಮೂಲಕ ಯೂರೋಪ್ ತಲುಪಿದ್ದ ಚದುರಂಗವನ್ನು ಹಿಗ್ಗಿಸಿ, ಬ್ರೌನ್‌ಶ್ವೈಗ್‌ನ ಯೋಹಾನ್ ಹೆಲ್‌ವಿಗ್ 1780ರಲ್ಲಿ ಹೊಸದೊಂದು ಯುದ್ಧದಾಟ ಹೆಣೆದರು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್, ತಮ್ಮ ತಂದೆ ರೂಪಿಸಿದ್ದ ಆಟವನ್ನು ತಿದ್ದಿ ಪ್ರಕಟಿಸಿದಾಗ ಚೌಕದ ಮನೆಗಳ ಬದಲು ನಕ್ಷೆ, ಜೊತೆಗೆ ದಾಳ ಮತ್ತು ತೀರ್ಪುಗಾರ ಬಂದರು. ಸೇನೆ ಅದನ್ನು ಅಧಿಕಾರಿಗಳ ತರಬೇತಿಗೆ ಬಳಸಿಕೊಂಡಿತು.

ಯುದ್ಧದಾಟ ಮನೆಯೊಳಗೆ ಬರಲು ಗೊಂಬೆ ಅಗ್ಗವಾಗಬೇಕಿತ್ತು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಸೀಸದ ಸಿಪಾಯಿಗಳನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯಲು ಶುರುಮಾಡಿತು. ಸೀಸ ಕಡಿಮೆ ಹಿಡಿಯಿತು, ಬೆಲೆಯೂ ಇಳಿಯಿತು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಇಂಥ ಸಿಪಾಯಿಗಳಿಗೆ ನಿಯಮ ಬರೆದರು. ನೆಲದ ಮೇಲೆ ದಂಡು ಹೂಡಿ, ಸ್ಪ್ರಿಂಗ್ ಫಿರಂಗಿಯಿಂದ ಮರದ ಚೂರು ಹಾರಿಸುವುದು. ಉರುಳಿಬಿದ್ದ ಸಿಪಾಯಿ ಸತ್ತಂತೆ.

ಮಾಂತ್ರಿಕರೂ ದೈತ್ಯರೂ ಕಾಲಿಟ್ಟದ್ದು ಅಮೆರಿಕದಲ್ಲಿ. ಗ್ಯಾರಿ ಗೈಗಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ ‘ಚೈನ್‌ಮೇಲ್’ ಮಧ್ಯಯುಗದ ಕಾಳಗದ ನಿಯಮಪುಸ್ತಕ. ಅದರ ಕೊನೆಗೆ ಫ್ಯಾಂಟಸಿ ಅನುಬಂಧವಿತ್ತು. ಅಂಥ ಗೊಂಬೆಗಳಿಗೆ ಆಗ ಬರ. ಗೈಗಾಕ್ಸ್ ಪ್ಲಾಸ್ಟಿಕ್ ಡೈನೋಸಾರನ್ನೇ ತಿದ್ದಿ ಡ್ರ್ಯಾಗನ್ ಮಾಡಿಕೊಂಡರು. ಹಾಂಗ್‌ಕಾಂಗ್‌ನ ಅಗ್ಗದ ಆಟಿಕೆ ಪೊಟ್ಟಣದಲ್ಲಿದ್ದ, ಯಾವ ಪ್ರಾಣಿಯೆಂದೇ ಗೊತ್ತಾಗದ ಗೊಂಬೆಗಳಿಗೂ ಹೆಸರಿಟ್ಟು ಶಕ್ತಿ ಕೊಟ್ಟರು. ಕಬ್ಬಿಣಕ್ಕೆ ತುಕ್ಕು ಹಿಡಿಸುವ ‘ರಸ್ಟ್ ಮಾನ್‌ಸ್ಟರ್’ ಹುಟ್ಟಿದ್ದು ಹೀಗೆ. ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನು ಗೊಂಬೆಯೇ ಇಲ್ಲದೆ, ಬರೀ ಮಾತಿನಲ್ಲೂ ಆಡಬಹುದಿತ್ತು. ಹಾಗಾಗಿ ಆಟಗಾರರು ಗೊಂಬೆ ಕೊಳ್ಳಲೇಬೇಕೆಂದಿರಲಿಲ್ಲ.

ಆಟದ ಮೂಲಕವೇ ಗೊಂಬೆ ಮಾರುವ ದಾರಿ ಕಂಡುಕೊಂಡದ್ದು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್. 1975ರಲ್ಲಿ ಮೂವರು ಗೆಳೆಯರು ಮರದ ಆಟದ ಮಣೆಗಳನ್ನು ಮಾಡುತ್ತ ಶುರುಮಾಡಿದ ಕಂಪನಿ ಇದು. ಅದರ ಬೆಂಬಲದಿಂದ 1979ರಲ್ಲಿ ಗೊಂಬೆ ಎರಕದ ಸಿಟಡೆಲ್ ಹುಟ್ಟಿತು. 1983ರ ‘ವಾರ್‌ಹ್ಯಾಮರ್’ ಒಬ್ಬಿಬ್ಬರು ವೀರರ ಕಥೆಯಲ್ಲ, ಇಡೀ ದಂಡಿನ ಕಾಳಗ. ಆಡಬೇಕೆಂದರೆ ಗೊಂಬೆ ರಾಶಿಗಟ್ಟಲೆ ಬೇಕು. ನಿಯಮ ಬರೆದದ್ದೇ ಗೊಂಬೆ ಮಾರಲಿಕ್ಕೆ. ಬಣ್ಣವಿಲ್ಲದ ತುಂಡುಗಳನ್ನು ಕೊಂಡು, ಅಂಟಿಸಿ, ಸಣ್ಣ ಕುಂಚದಲ್ಲಿ ಬಣ್ಣ ಬಳಿಯುವುದು ಆಟದಷ್ಟೇ ದೊಡ್ಡ ಹವ್ಯಾಸವಾಯಿತು.

1989ರಲ್ಲಿ ಗೇಮ್ಸ್ ವರ್ಕ್‌ಶಾಪ್ ಆಟಿಕೆ ಕಂಪನಿ ಮಿಲ್ಟನ್ ಬ್ರ್ಯಾಡ್ಲಿ ಜೊತೆ ಸೇರಿ ಹೊರತಂದ ‘ಹೀರೋಕ್ವೆಸ್ಟ್’ ವೀರರು, ರಕ್ಕಸರು, ಮೇಜು, ಪುಸ್ತಕದ ಕಪಾಟನ್ನೂ ಸೇರಿಸಿ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಟ್ಟಿತು. ಪ್ಲಾಸ್ಟಿಕ್ ಅಚ್ಚು ಮಾಡಿಸುವುದು ದುಬಾರಿ. ಅಚ್ಚಾದ ಮೇಲೆ ಸಾವಿರಗಟ್ಟಲೆ ಗೊಂಬೆ ತೆಗೆಯುವುದು ಅಗ್ಗ. ಆ ಮೊದಲ ಖರ್ಚಿಗೆ ಗಿರಾಕಿಗಳಿಂದಲೇ ಮುಂಗಡ ಎತ್ತಲು 2009ರಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ತಾಣ ಅನುಕೂಲ ಮಾಡಿಕೊಟ್ಟಿತು. ಅಲ್ಲಿ 2017ರ ಜನವರಿಯಲ್ಲಿ ಮುಗಿದ ಅಭಿಯಾನದಲ್ಲಿ ‘ಕಿಂಗ್‌ಡಮ್ ಡೆತ್: ಮಾನ್‌ಸ್ಟರ್’ 1.2 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹಿಸಿತು. ಪೆಟ್ಟಿಗೆಗಳು ಊದಿಕೊಂಡವು, ಕೊಂಡವರ ಮನೆಯಲ್ಲಿ ಬಣ್ಣ ಕಾಣದ, ಆಡದೇ ಉಳಿದ ಗೊಂಬೆಗಳೂ ಗುಡ್ಡೆಬಿದ್ದವು.

ಆದರೂ ಬೋರ್ಡ್‌ಗೇಮ್‌ಗೀಕ್ ತಾಣದ ಶ್ರೇಯಾಂಕದಲ್ಲಿ ವರ್ಷಗಳ ಕಾಲ ಮೊದಲ ಸ್ಥಾನದಲ್ಲಿದ್ದ ಐಸಾಕ್ ಚಿಲ್ಡ್ರೆಸ್ ಅವರ ‘ಗ್ಲೂಮ್‌ಹೇವನ್’ ಪೆಟ್ಟಿಗೆಯಲ್ಲಿ ಗೊಂಬೆಗಳಿದ್ದದ್ದು ಆಟಗಾರರ ಪಾತ್ರಗಳಿಗೆ ಮಾತ್ರ. ರಕ್ಕಸರೆಲ್ಲ ರಟ್ಟಿನವರು.